ಅಜ್ಜಿ ತಂದ ಬೀಜ

ಇಚಲಕರಂಜಿಯ ಮಗ್ಗದ ಓಣಿಗಳಲ್ಲಿ ಕನ್ನಡ ಕಿವಿಗೆ ಬೀಳುವುದು ಹೊಸದೇನಲ್ಲ. 1904ರಲ್ಲಿ ಆ ಊರಿಗೆ ಮೊದಲ ವಿದ್ಯುತ್ ಮಗ್ಗ ಬಂತು. ಮಗ್ಗಗಳು ಹೆಚ್ಚಿದಂತೆ ಕೆಲಸ ಹುಡುಕಿಕೊಂಡು ಎಷ್ಟೋ ಕನ್ನಡ ಕುಟುಂಬಗಳು ಬಂದು ನೆಲೆಸಿದವು. ಅಂಥ ಮನೆಗಳಿಗೆ ಹೋದಾಗ ನಾವು ಕಾಣುವ ನೋಟ ಒಂದೇ. ಮೊಮ್ಮಕ್ಕಳು ಶಾಲೆಯ ಮರಾಠಿಯಲ್ಲಿ ಮಾತಾಡುತ್ತಾರೆ, ಅಜ್ಜಿ ಕನ್ನಡದಲ್ಲಿ ಉತ್ತರಿಸುತ್ತಾರೆ. ಗಡಹಿಂಗ್ಲಜ ಕಡೆಯಿಂದ ಕೊಲ್ಹಾಪುರಕ್ಕೆ ದುಡಿಯಲು ಬಂದ ಕನ್ನಡಿಗರ ಮನೆಗಳಲ್ಲೂ ಇದೇ ಕಥೆ.

'ಮಿನಾರಿ' ಚಿತ್ರ ನೋಡುವಾಗ ನಮಗೆ ಈ ಮನೆಗಳೇ ನೆನಪಾದವು. 2020ರಲ್ಲಿ ತೆರೆಕಂಡ ಈ ಚಿಕ್ಕ ಚಿತ್ರದ ನಿರ್ದೇಶಕ ಲೀ ಐಸಾಕ್ ಚುಂಗ್. ಕೊರಿಯಾದಿಂದ ವಲಸೆ ಬಂದ ತಂದೆತಾಯಿಗಳ ಮಗನಾದ ಅವರು ಅಮೇರಿಕದ ಅರ್ಕಾನ್ಸಾ ರಾಜ್ಯದ ಹಳ್ಳಿಗಾಡಿನಲ್ಲಿ ಬೆಳೆದವರು. ತಮ್ಮ ಬಾಲ್ಯವನ್ನೇ ನೆನೆದು ಈ ಕಥೆ ಹೆಣೆದಿದ್ದಾರೆ.

1980ರ ದಶಕ. ಜೇಕಬ್ ಮತ್ತು ಮೋನಿಕಾ ಕೋಳಿಮರಿಗಳಲ್ಲಿ ಹೇಟೆ-ಹುಂಜ ಬೇರ್ಪಡಿಸುವ ಕೆಲಸ ಮಾಡುವವರು. ಜೇಕಬನಿಗೆ ಸ್ವಂತ ಹೊಲದಲ್ಲಿ ಕೊರಿಯಾದ ತರಕಾರಿ ಬೆಳೆಯುವ ಹಂಬಲ. ಸಾಲ ಬೆಳೆಯುತ್ತದೆ, ಬಾವಿ ಬತ್ತುತ್ತದೆ, ದಂಪತಿಗಳ ಮನಸ್ಸು ಮುರಿಯುತ್ತದೆ. ಹೃದಯದ ತೊಂದರೆಯಿರುವ ಮಗ ಡೇವಿಡನಿಗೆ ತಾಯಿ ಹೇಳುವುದು ಒಂದೇ ಮಾತು: ಓಡಬೇಡ.

ಮಕ್ಕಳನ್ನು ನೋಡಿಕೊಳ್ಳಲು ಕೊರಿಯಾದಿಂದ ಅಜ್ಜಿ ಬರುತ್ತಾಳೆ. ಅವಳಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ದೇವಾಲಯದಲ್ಲಿ ಮಗಳು ಕಾಣಿಕೆ ತಟ್ಟೆಗೆ ಹಾಕಿದ ದೊಡ್ಡ ನೋಟನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಳ್ಳುವವಳು! 'ನೀನು ಅಜ್ಜಿಯ ಹಾಗೇ ಇಲ್ಲ' ಎಂದು ಡೇವಿಡ್ ಮುಖ ತಿರುಗಿಸುತ್ತಾನೆ. ಅವಳು ಮಾತ್ರ ಅವನನ್ನು ಗಟ್ಟಿಗ ಎನ್ನುತ್ತಾಳೆ. ತಾನು ತಂದ ಮಿನಾರಿ ಬೀಜವನ್ನು ಹಳ್ಳದ ದಡದಲ್ಲಿ ಚೆಲ್ಲುತ್ತಾಳೆ. ಅದು ಕೊತ್ತಂಬರಿಯ ಕುಲಕ್ಕೆ ಸೇರಿದ, ಜೌಗಿನಲ್ಲಿ ತಾನಾಗಿ ಬೆಳೆಯುವ ಸೊಪ್ಪು.

ಮುಂದೆ ಅಜ್ಜಿಗೆ ಪಾರ್ಶ್ವವಾಯು ಬಡಿಯುತ್ತದೆ. ಒಂದು ದಿನ ಅವಳು ಕಸ ಸುಡುವಾಗ ಬೆಂಕಿ ಹರಡಿ ಕೊಯ್ಲೆಲ್ಲ ಬೂದಿಯಾಗುತ್ತದೆ. ತಪ್ಪಿನ ಭಾರ ತಾಳದೆ ಅವಳು ಕತ್ತಲಲ್ಲಿ ಮನೆ ಬಿಟ್ಟು ನಡೆಯುತ್ತಾಳೆ. ಆಗ ಓಡಬಾರದ ಹುಡುಗನೇ ಓಡಿಹೋಗಿ ಅವಳನ್ನು ಅಡ್ಡಗಟ್ಟುತ್ತಾನೆ, ಮನೆಗೆ ಕರೆಯುತ್ತಾನೆ. ಅಪ್ಪ ಸಾಲ ಮಾಡಿ ಬೆಳೆದದ್ದು ಸುಟ್ಟುಹೋಯಿತು. ಅಜ್ಜಿ ಚೆಲ್ಲಿದ ಬೀಜ ಹಳ್ಳದ ಬದಿಯಲ್ಲಿ ಹಸಿರಾಗಿ ಉಳಿಯಿತು.

ಈ ಪಾತ್ರಕ್ಕಾಗಿ ಯುನ್ ಯೊ-ಜಂಗ್ 2021ರಲ್ಲಿ ಆಸ್ಕರ್ ಪಡೆದರು. ನಟನೆಗೆ ಆಸ್ಕರ್ ಗೆದ್ದ ಮೊದಲ ಕೊರಿಯನ್ ಅವರು. ಆದರೆ ಅದೇ ವರ್ಷದ ಗೋಲ್ಡನ್ ಗ್ಲೋಬ್‌ನಲ್ಲಿ, ಮಾತು ಹೆಚ್ಚಾಗಿ ಕೊರಿಯನ್ ಎಂಬ ಕಾರಣಕ್ಕೆ ಈ ಅಮೇರಿಕನ್ ಚಿತ್ರವನ್ನು 'ವಿದೇಶಿ ಭಾಷೆ'ಯ ಸಾಲಿಗೆ ಸೇರಿಸಲಾಗಿತ್ತು. ಸ್ವಂತ ನೆಲದಲ್ಲೇ ಪರಕೀಯರಾಗುವ ಈ ನೋವು ಗಡಿಯಲ್ಲಿರುವ ನಮಗೆ ಬಿಡಿಸಿ ಹೇಳಬೇಕಿಲ್ಲ.

ಮರಾಠಿ ಬೇಡವೆಂದು ನಾವು ಹೇಳುತ್ತಿಲ್ಲ. ಅದು ನಮಗೆ ಅನ್ನ ಕೊಟ್ಟ ಭಾಷೆ. ಆದರೆ ಗೆಳೆಯರು ಬಂದಾಗ ಅಜ್ಜಿಯನ್ನು ಒಳಕೋಣೆಗೆ ಕಳಿಸುವ ಮನೆಗಳನ್ನು ನಾವು ಕಂಡಿದ್ದೇವೆ. ಅಜ್ಜಿಯ ಜಪಮಾಲೆ, ಜೋಗುಳ, ಗಾದೆಗಳನ್ನು ಕೇಳುವವರಿಲ್ಲದಿದ್ದರೆ ಆ ಬೀಜ ಅವರೊಂದಿಗೇ ಮಣ್ಣು ಸೇರುತ್ತದೆ. ಇಂದು ಸಂಜೆ ಟಿ.ವಿ. ಆರಿಸಿ, ಮಕ್ಕಳನ್ನು ಅಜ್ಜಿಯ ಪಕ್ಕದಲ್ಲಿ ಕೂರಿಸೋಣವೇ?