ಮಗುವಿಗೆ ಮೂತ್ರಕೊಳವೆ: ಮನೆಯಲ್ಲೇ ಮಾಡುವ ಆರೈಕೆ

ನಾಯಕನಹಟ್ಟಿಯ ಸುತ್ತಿನವರಿಗೆ ಕೆರೆಯ ಮಾತು ಹೊಸದಲ್ಲ. ಈ ಬರದ ಸೀಮೆಯಲ್ಲಿ ತಿಪ್ಪೇರುದ್ರಸ್ವಾಮಿಗಳು ಐದು ಕೆರೆಗಳನ್ನು ಕಟ್ಟಿಸಿದರೆಂದು ಜನರು ಇಂದಿಗೂ ಸ್ಮರಿಸುತ್ತಾರೆ. ತುಂಬಿದ ಕೆರೆಯ ತೂಬು ಏಳದಿದ್ದರೆ ಏನಾದೀತು? ನೀರು ಏರಿಯನ್ನೇ ಒತ್ತುತ್ತದೆ. ಕೆಲವು ಮಕ್ಕಳ ಮೂತ್ರಕೋಶದ ಸ್ಥಿತಿಯೂ ಹೀಗೆಯೇ.

ಬೆನ್ನುಮೂಳೆ ಸರಿಯಾಗಿ ಕೂಡದೆ ಹುಟ್ಟಿದ ಮಗುವಿಗೆ, ಅಂದರೆ ‘ಸ್ಪೈನಾ ಬೈಫಿಡಾ’ ಇರುವ ಮಗುವಿಗೆ, ಮೂತ್ರಕೋಶದ ನರಗಳು ಅನೇಕ ವೇಳೆ ದುರ್ಬಲವಾಗಿರುತ್ತವೆ. ಮೂತ್ರವು ಪೂರ್ತಿ ಹೊರಬೀಳದೆ ಉಳಿದರೆ ಸೋಂಕು ತಗಲುವುದು. ಒತ್ತಡ ಹಿಂದಕ್ಕೆ ಏರಿ ಮೂತ್ರಪಿಂಡಗಳೇ ಕೆಡಬಹುದು. ಬಟ್ಟೆ ಒದ್ದೆಯಾಗುತ್ತಿದೆಯಲ್ಲ ಎಂದು ಸುಮ್ಮನಿರಬೇಡಿ. ಅದು ತುಂಬಿ ತುಳುಕಿದ್ದು ಮಾತ್ರ ಇರಬಹುದು.

ಇದಕ್ಕೆ ಉಪಾಯವೆಂದರೆ, ಹೊತ್ತು ಹೊತ್ತಿಗೆ ತೆಳುವಾದ ಕೊಳವೆಯಿಂದ ಮೂತ್ರಕೋಶವನ್ನು ಬರಿದು ಮಾಡುವುದು. ಇದಕ್ಕೆ ಶಸ್ತ್ರಕ್ರಿಯೆಯ ಕೋಣೆಯ ಶುದ್ಧಿ ಬೇಕಿಲ್ಲ, ಸಾಬೂನಿನಿಂದ ತೊಳೆದ ಕೈ ಸಾಕು ಎಂಬುದನ್ನು ಅಮೆರಿಕದ ವೈದ್ಯ ಜ್ಯಾಕ್ ಲ್ಯಾಪಿಡಸ್ 1972ರಲ್ಲಿ ತೋರಿಸಿಕೊಟ್ಟರು. ಅಲ್ಲಿಂದ ಮುಂದೆ ಈ ಕೆಲಸ ಆಸ್ಪತ್ರೆಯಿಂದ ಮನೆಗೆ ಬಂದಿತು.

ಆದರೂ ಇದು ಓದಿ ಕಲಿಯತಕ್ಕದ್ದಲ್ಲ. ವೈದ್ಯರು ಗೊತ್ತುಮಾಡಿದ ಅಳತೆಯ ಕೊಳವೆಯನ್ನು ಪಡೆದು, ದಾದಿಯ ಎದುರಿನಲ್ಲಿ ನೀವೇ ಮಾಡಿ ಕಲಿಯಿರಿ. ಮೊದಲು ನಿಮ್ಮ ಕೈ, ಬಳಿಕ ಮಗುವಿನ ಆ ಭಾಗ ಶುಚಿಯಾಗಲಿ. ಕೊಳವೆಯ ತುದಿಗೆ ಔಷಧದಂಗಡಿಯ ಜೆಲ್ಲಿ ಸವರಿ ಮೆಲ್ಲಗೆ ಸೇರಿಸಿರಿ. ತಡೆದರೆ ಬಲವಂತ ಮಾಡಬೇಡಿ. ಮೂತ್ರ ನಿಂತ ಮೇಲೆ ನಿಧಾನವಾಗಿ ಹೊರತೆಗೆಯಿರಿ. ಮತ್ತೆ ಹರಿದರೆ ಅಲ್ಲಿಯೇ ತಡೆಯಿರಿ. ಹಗಲಿನಲ್ಲಿ ಸಾಮಾನ್ಯವಾಗಿ ಮೂರು ನಾಲ್ಕು ಗಂಟೆಗೊಮ್ಮೆ ಇದು ನಡೆಯಬೇಕು. ಇಂಥ ಮಕ್ಕಳಲ್ಲಿ ಅನೇಕರಿಗೆ ರಬ್ಬರು ಒಗ್ಗದು. ಆದಕಾರಣ ಲೇಟೆಕ್ಸ್ ಇಲ್ಲದ ಕೊಳವೆಯನ್ನೇ ಕೇಳಿರಿ. ಕೊಳವೆಯನ್ನು ಮತ್ತೆ ಬಳಸಬಹುದೇ ಎಂಬುದನ್ನೂ ವೈದ್ಯರನ್ನೇ ವಿಚಾರಿಸಿರಿ.

ಜ್ವರ, ನಡುಕ, ಬೆನ್ನುನೋವು, ವಾಂತಿ, ರಕ್ತ ಬೆರೆತ ಮೂತ್ರ, ಇವುಗಳಲ್ಲಿ ಯಾವುದು ಕಂಡರೂ, ಕೊಳವೆ ಒಳಗೆ ಹೋಗದಿದ್ದರೂ, ತಡಮಾಡದೆ ಆಸ್ಪತ್ರೆಗೆ ಹೋಗಿರಿ.

ಶಾಲೆಯಲ್ಲಿ ಒದ್ದೆಯಾದೀತೆಂದು ನೀರು ಕೊಡದಿರುವುದು ಸಲ್ಲದು. ಬದಲಿಗೆ ಉಪಾಧ್ಯಾಯರಿಗೆ ವಿಷಯ ತಿಳಿಸಿ, ಮಧ್ಯಾಹ್ನದ ಬಿಡುವಿನಲ್ಲಿ ಬಾಗಿಲು ಹಾಕಿಕೊಳ್ಳುವಂಥ, ನೀರಿನ ಅನುಕೂಲವಿರುವ ಒಂದು ಜಾಗವನ್ನು ಕೇಳಿಕೊಳ್ಳಿರಿ. ಕೈ ಪಳಗಿದ ಮಕ್ಕಳು ಆರೇಳು ವರ್ಷಕ್ಕೇ ಇದನ್ನು ತಾವಾಗಿ ಮಾಡಿಕೊಳ್ಳುವುದುಂಟು. ನೀವು ಅವಸರಪಡದೆ, ಗದರಿಸದೆ ಕಲಿಸಿದರೆ, ಹಲ್ಲುಜ್ಜುವಷ್ಟೇ ಸಹಜವಾಗಿ ನಿಮ್ಮ ಮಗುವೂ ಇದನ್ನು ರೂಢಿಸಿಕೊಂಡೀತು.