ಪರವಾನಗಿ ಹಿಂತಿರುಗಿಸಿದ ಮೇಲೆ

ಜಪಾನಿನಲ್ಲಿ 75 ವರ್ಷ ದಾಟಿದವರು ಚಾಲನಾ ಪರವಾನಗಿಯನ್ನು ನವೀಕರಿಸಿಕೊಳ್ಳಬೇಕಾದರೆ ಮೊದಲು ಅರಿವಿನ ಸಾಮರ್ಥ್ಯದ ಪರೀಕ್ಷೆಗೆ ಕೂರಬೇಕು. 2009ರಲ್ಲಿ ಜಾರಿಗೆ ಬಂದ ಈ ಪರೀಕ್ಷೆಯಲ್ಲಿ ಪುಟಕ್ಕೆ ನಾಲ್ಕರಂತೆ 16 ಚಿತ್ರಗಳನ್ನು ತೋರಿಸಿ, ನಡುವೆ ಅಂಕಿಗಳ ಸಾಲಿನಲ್ಲಿ ಕೆಲವನ್ನು ಹೊಡೆದುಹಾಕುವ ಕೆಲಸ ಕೊಟ್ಟು ಗಮನವನ್ನು ಬೇರೆಡೆಗೆ ಸೆಳೆದು, ಆಮೇಲೆ ಕಂಡ ಚಿತ್ರಗಳನ್ನು ನೆನಪಿನಿಂದ ಬರೆಯಲು ಹೇಳಲಾಗುತ್ತದೆ. ಅಂದಿನ ತಾರೀಖು, ವಾರ, ಹೊತ್ತನ್ನೂ ಕೇಳುತ್ತಾರೆ. 2017ರ ತಿದ್ದುಪಡಿಯ ಬಳಿಕ ತೀರ ಕಡಿಮೆ ಅಂಕ ಪಡೆದವರೆಲ್ಲರೂ ವೈದ್ಯಕೀಯ ತಪಾಸಣೆಗೆ ಒಳಪಡಲೇಬೇಕಾಗಿದ್ದು, ಡಿಮೆನ್ಶಿಯಾ ಖಚಿತವಾದರೆ ಪರವಾನಗಿ ರದ್ದಾಗುತ್ತದೆ ಅಥವಾ ಅಮಾನತಾಗುತ್ತದೆ.

ಡಿಮೆನ್ಶಿಯಾ ಬರಿಯ ಮರೆವಲ್ಲ. ಎದುರು ಬರುವ ವಾಹನದ ದೂರ, ವೇಗಗಳನ್ನು ಅಂದಾಜಿಸುವ, ಸಿಗ್ನಲ್ಲು, ಕನ್ನಡಿ, ಪಾದಚಾರಿಗಳ ಮೇಲೆ ಏಕಕಾಲಕ್ಕೆ ಗಮನವಿಡುವ, ತನ್ನ ತಪ್ಪನ್ನು ತಾನೇ ಗುರುತಿಸುವ ಶಕ್ತಿಗಳೂ ಅದರಿಂದ ಕುಂದುತ್ತವೆ. ಹೀಗಾಗಿ ‘ನನಗೇನೂ ಆಗಿಲ್ಲ’ ಎಂಬ ಹಿರಿಯರ ಮಾತನ್ನು ಮನೆಯವರು ಹಟವೆಂದು ಭಾವಿಸಿದರೂ ಅದು ರೋಗಲಕ್ಷಣವೇ ಆಗಿರಬಹುದು.

2019ರ ಏಪ್ರಿಲ್‌ನಲ್ಲಿ ಟೋಕಿಯೊದ ಇಕೆಬುಕುರೊದಲ್ಲಿ 87 ವರ್ಷದ ಚಾಲಕರೊಬ್ಬರ ಕಾರು ತಾಯಿ, ಮಗಳಿಬ್ಬರ ಜೀವ ತೆಗೆದದ್ದು ದೇಶವನ್ನೇ ಕಲಕಿತು. ಆ ವರ್ಷ ಸುಮಾರು 6 ಲಕ್ಷ ಜನ ತಾವಾಗಿಯೇ ಪರವಾನಗಿ ಹಿಂತಿರುಗಿಸಿದರು. ಹಾಗೆ ಮಾಡಿದವರು ಕೇಳಿದರೆ ಗುರುತಿನ ಚೀಟಿಯಾಗಿಯೂ ಬಳಕೆಯಾಗುವ ಪ್ರಮಾಣಪತ್ರ ದೊರೆಯುತ್ತದೆ, ಅದನ್ನು ತೋರಿಸಿದರೆ ಹಲವೆಡೆ ಬಸ್ಸು, ಟ್ಯಾಕ್ಸಿ ದರದಲ್ಲಿ ರಿಯಾಯಿತಿಯೂ ಉಂಟು. ಬಸ್ಸೇ ಅಪರೂಪವಾದ ಹಳ್ಳಿಯಲ್ಲಿ ಈ ರಿಯಾಯಿತಿ ಯಾವ ಸಂತೆಗೆ?

2023ರಲ್ಲಿ ತ್ಸುಕುಬಾ ವಿಶ್ವವಿದ್ಯಾಲಯದ ಸಂಶೋಧಕರು ಪೊಲೀಸ್ ದಾಖಲೆಗಳನ್ನು ಪರಿಶೀಲಿಸಿದಾಗ, 2017ರ ಬಿಗಿ ನಿಯಮದ ನಂತರ ವೃದ್ಧ ಚಾಲಕರ ಅಪಘಾತಗಳು ತಗ್ಗಿದ್ದರೂ, ನಡೆದು ಅಥವಾ ಸೈಕಲ್ಲಿನಲ್ಲಿ ಹೋಗುವಾಗ ಗಾಯಗೊಂಡ ವೃದ್ಧರ ಸಂಖ್ಯೆ ಏರಿದ್ದು ಕಂಡುಬಂತು. ಚಾಲನೆ ನಿಲ್ಲಿಸಿದ ಹಿರಿಯರಲ್ಲಿ ಖಿನ್ನತೆಯ ಲಕ್ಷಣಗಳ ಸಂಭವ ಸುಮಾರು ಇಮ್ಮಡಿಯಾಗುತ್ತದೆಂದು ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲೇ ಹೇಳಿದ್ದರು. ಕಾರಿನ ಅಪಘಾತವನ್ನಷ್ಟೇ ಎಣಿಸುವ ನೀತಿಯ ಲೆಕ್ಕದಲ್ಲಿ ಈ ಎರಡಕ್ಕೂ ಜಾಗವಿಲ್ಲ.

ಕಾರಿಗೆ ಬದಲಿ ವ್ಯವಸ್ಥೆ ಮಾಡಿಕೊಳ್ಳಲು ಬೇಕಾದದ್ದು ಕಾಲಾವಕಾಶ; ರೋಗದ ಸುಳಿವು ಬೇಗ ಸಿಕ್ಕರೆ ಅದು ಸಾಧ್ಯ. ಸೇಂಟ್ ಲೂಯಿಯ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ 65 ದಾಟಿದ 139 ಮಂದಿಯ ವಾಹನಗಳಿಗೆ ಜಿಪಿಎಸ್ ಸಾಧನ ಅಳವಡಿಸಿ ವರ್ಷವಿಡೀ ಗಮನಿಸಿದ, 2021ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಹೊರಗೆ ಲಕ್ಷಣವಿನ್ನೂ ಕಾಣದ ಆಲ್ಝೈಮರ್ ಹಂತದಲ್ಲಿರುವವರು ನಿಧಾನವಾಗಿ ಓಡಿಸುತ್ತಾರೆ, ರಾತ್ರಿ ಹೊರಡುವುದು ಕಡಿಮೆ, ಹೋಗುವ ಜಾಗಗಳೂ ಕಡಿಮೆ. ಇಂಥ ಸುಳಿವು ಕುಟುಂಬದ ಕೈಗೆ ಸಿಕ್ಕರೆ ಮಾತುಕತೆಗೆ ಸಮಯ ಸಿಗುತ್ತದೆ. ವಿಮಾ ಕಂಪನಿಯ ಕೈಗೆ ಸಿಕ್ಕರೆ ಏನಾದೀತೆಂಬುದನ್ನು ಕಾನೂನು ಮೊದಲೇ ಗೊತ್ತುಮಾಡಬೇಕು.