ಗಾಳದ ಕೋಲು ಮತ್ತು ಚಪ್ಪಲಿಯ ಕಪ್ಪೆ



ಈ ಸಲ ನಾನು ಮೀನು ಹಿಡಿಯುವ ಗಾಳದ ಬಗ್ಗೆ ಬರೆಯುತ್ತಿದ್ದೇನೆ. ನಮ್ಮೂರಲ್ಲಿ ಮೀನು ತಿನ್ನದವರ ಮನೆಗಳು ಬಾಳ ಅದಾವ. ಅಂಥವರು ಬೇಕಾದರೆ ಪಕ್ಕದ ಹಾಳೆಯ ಒಗಟು ಓದಬಹುದು, ನನಗೇನೂ ಸಿಟ್ಟಿಲ್ಲ. ಆದರೆ ಇದರಲ್ಲಿ ಸ್ವಲ್ಪ ವಿಜ್ಞಾನವೂ ಇದೆ, ರೊಕ್ಕದ ಲೆಕ್ಕವೂ ಇದೆ.

ಬರೆಯಲು ಕಾರಣ ಹೇಳುತ್ತೇನೆ. ನಮ್ಮ ವರ್ಗದ ನಾಲ್ಕು ಮಂದಿ ಮೊಬೈಲಿನಲ್ಲಿ ವಿಡಿಯೋ ನೋಡಿ ಒಂದು ರಾಡ್ ತರಿಸಬೇಕಂತ ಮಾಡ್ಯಾರ. ರಾಡು, ರೀಲು, ಬಣ್ಣಬಣ್ಣದ ಹುಸಿ ಮೀನಿನ ಡಬ್ಬಿ ಎಲ್ಲಾ ಸೇರಿ ಎರಡು ಸಾವಿರ ರೂಪಾಯಿ. ಶಾಲೆಯ ಪ್ರವಾಸಕ್ಕಂತ ಮನಿಯವರು ಕೊಟ್ಟು ಕೂಡಿಸಿಟ್ಟ ರೊಕ್ಕಾನ ಇದಕ್ಕ ಹಾಕವರು. ರೊಕ್ಕ ಕಟ್ಟುವ ದಿನ ಇನ್ನೂ ದೂರ ಇದೆ. ಅಷ್ಟರೊಳಗೆ ಅವರು ಇದನ್ನು ಪೂರ್ತಿ ಓದಲಿ ಎಂಬುದು ನನ್ನ ಆಸೆ.

ಮೊದಲನೇ ಮಾತು. ಆ ವಿಡಿಯೋದಾಗ ಹಿಡಿಯುವ ಮೀನಿನ ಹೆಸರು ಬಾಸ್. ಅದು ಅಮೆರಿಕದ ಸಿಹಿನೀರಿನ ಮೀನು. ನಮ್ಮ ಮಲಪ್ರಭಾ ಹೊಳೆಯಲ್ಲಿ ಬಾಸ್ ಇಲ್ಲ. ಹೊಳೆಯಲ್ಲಿ ಇಲ್ಲದ ಮೀನಿಗೆ ಮಾಡಿದ ಸಾಮಾನು ತಂದು ಏನು ಮಾಡೂದು? ಆದರೆ ಬಾಸಿನಂಥ ಗುಣದ ಮೀನು ನಮ್ಮಲ್ಲೂ ಒಂದಿದೆ. ಪುಸ್ತಕದಲ್ಲಿ ಅದಕ್ಕೆ ಕೊರವ ಅಂತಾರೆ, ಮರಾಠಿ ಮಂದಿ ಮರಳ ಅಂತಾರೆ. ಅದರ ತಲೆ ಹಾವಿನ ತಲೆಯ ಹಾಗೆ ಚಪ್ಪಟೆ. ಇದು ಮಡುವಿನ ದಂಡೆಯ ಹುಲ್ಲಿನಲ್ಲಿ ಅಲ್ಲಾಡದೆ ಅಡಗಿ ಕುಳಿತು, ಕಪ್ಪೆಯೋ ಸಣ್ಣ ಮೀನೋ ಹತ್ತಿರ ಬಂದಾಗ ಒಮ್ಮೆಲೇ ಹಾರಿ ಹಿಡಿಯುತ್ತದೆ. ಇನ್ನೊಂದು ವಿಶೇಷ ಏನೆಂದರೆ ಇದು ಕಿವಿರಿನಿಂದಷ್ಟೇ ಉಸಿರಾಡುವುದಿಲ್ಲ, ಆಗಾಗ ಮೇಲೆ ಬಂದು ಗಾಳಿಯನ್ನೂ ಕುಡಿಯುತ್ತದೆ. ಅದಕ್ಕೇ ಬೇಸಿಗೆಯಲ್ಲಿ ನೀರು ಬತ್ತಿ ಕೆಸರಾದ ಕಡೆಯೂ ಬದುಕಿರುತ್ತದೆ. ನೀರಿನ ಮೇಲೆ "ಗುಳುಕ್" ಅಂತ ಸಪ್ಪಳ ಬಂದರೆ ಅಲ್ಲಿ ಕೊರವ ಇರಬಹುದು ಎಂದು ನಮ್ಮ ಮುತ್ಯಾ ಹೇಳುತ್ತಾನೆ.

ಎಲ್ಲಾ ಮೀನು ಹುಸಿ ಮೀನಿಗೆ ಬೀಳುವುದಿಲ್ಲ. ಬೇಟೆಯಾಡುವ ಮೀನು ಮಾತ್ರ ಬೀಳುತ್ತದೆ. ರೋಹು, ಕಟ್ಲಾ, ಗೆಂಡೆ ಇವಕ್ಕೆ ಹಿಟ್ಟಿನ ಉಂಡೆ ಬೇಕು. ಅದನ್ನು ಆಮೇಲೆ ಹೇಳುತ್ತೇನೆ.

ಗಾಳ ಹಾಕುವುದು ವಿಡಿಯೋದವರು ಕಂಡುಹಿಡಿದ ಹೊಸ ಆಟ ಅಂತ ತಿಳಕೋಬ್ಯಾಡ್ರಿ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 1126ರಿಂದ 1138ರವರೆಗೆ ಆಳಿದನು. ಅವನು ಸಂಸ್ಕೃತದಲ್ಲಿ 'ಮಾನಸೋಲ್ಲಾಸ' ಎಂಬ ದೊಡ್ಡ ಗ್ರಂಥ ಬರೆಸಿದನು. ಅದರಲ್ಲಿ 'ಮತ್ಸ್ಯವಿನೋದ' ಎಂಬ ಒಂದು ಭಾಗವೇ ಇದೆ. ಗಾಳ, ದಾರ, ಕೋಲು, ಯಾವ ಮೀನಿಗೆ ಯಾವ ತಿನಿಸು ಹಾಕಬೇಕು ಎಲ್ಲಾ ಅದರಲ್ಲಿ ಬಂದಿದೆ. ಸುಂದರಲಾಲ ಹೋರಾ ಎಂಬ ಮೀನು ವಿಜ್ಞಾನಿ 1951ರಲ್ಲಿ ಇದನ್ನು ಓದಿ ಇಂಗ್ಲಿಷಿನಲ್ಲಿ ಲೇಖನ ಬರೆದರು. ನಮ್ಮ ಕನ್ನಡ ನಾಡಿನ ಅರಸ ಸುಮಾರು ಒಂಬೈನೂರು ವರ್ಷದ ಹಿಂದೆ ಗಾಳ ಹಿಡಿದು ಕುಂತಿದ್ದ ಅಂದರೆ ನನಗೆ ಬಾಳ ಖುಷಿ ಅನಿಸಿತು. ಸಮಾಜ ಪುಸ್ತಕದಲ್ಲಿ ಇದನ್ನು ಯಾಕೆ ಹಾಕಿಲ್ಲವೋ ಗೊತ್ತಿಲ್ಲ.

ಇನ್ನು ಕೋಲಿನ ವಿಚಾರ.

ಕೋಲು ಯಾಕೆ ಬೇಕು? ದಾರ ಕೈಯಾಗ ಹಿಡದ್ರ ಸಾಲದೇನು ಅಂತ ಕೇಳಬಹುದು. ಎತ್ತು ಒಮ್ಮೆಲೇ ಜಗ್ಗಿದರೆ ಹಗ್ಗ ಹರಿಯುತ್ತದೆ, ನಿಧಾನ ಜಗ್ಗಿದರೆ ಹರಿಯುವುದಿಲ್ಲ. ಮೀನು ಜಗ್ಗಿದಾಗ ಕೋಲು ಬಾಗುತ್ತದೆ. ಬಾಗುವುದರಿಂದ ಒಮ್ಮೆಲೇ ಬರುವ ಜಗ್ಗು ನಿಧಾನವಾಗಿ ಬರುತ್ತದೆ, ದಾರ ಉಳಿಯುತ್ತದೆ. ಅಂದರೆ ಕೋಲಿನ ಕೆಲಸ ಬಾಗುವುದು. ಬಾಗದ ಕೋಲು ಎಷ್ಟೇ ದಪ್ಪ ಇದ್ದರೂ ಉಪಯೋಗ ಇಲ್ಲ.

ಬಿದಿರು ಇದಕ್ಕೆ ಹೇಳಿ ಮಾಡಿಸಿದ್ದು. ಬಿದಿರಿನ ಬಲವಾದ ನಾರುಗಳು ಹೊರಗಿನ ಸಿಪ್ಪೆಯ ಕಡೆಗೇ ಒತ್ತಾಗಿ ಇರುತ್ತವೆ. ಆದ್ದರಿಂದ ನುಣುಪು ಮಾಡಲು ಹೋಗಿ ಚಾಕುವಿನಿಂದ ಸಿಪ್ಪೆ ಹೆರೆಯಬಾರದು. ಗಣಿಕೆಯ ಮೇಲಿನ ಚೂಪು ಮಾತ್ರ ತಿಕ್ಕಬೇಕು. ಬುಟ್ಟಿ ಹೆಣೆಯುವ ಮ್ಯಾದಾರ ಕಾಕಾನ ಹತ್ತಿರ ಹೋಗಿ "ಕಾಕಾ, ಬಡ್ಡಿ ಹೆಬ್ಬೆರಳಷ್ಟು ದಪ್ಪ, ತುದಿ ಪೆನ್ಸಿಲ್‌ಗಿಂತ ತೆಳ್ಳಗ ಇರೂದು ಕೊಡ್ರಿ" ಅಂತ ಕೇಳಬೇಕು. ಹತ್ತು ಅಡಿ ಇದ್ದರೆ ಸಾಕು. ಹಸಿ ಬಿದಿರಾದರೆ ನೆರಳಲ್ಲಿ ಒಂದು ತಿಂಗಳು ಒಣಗಿಸಬೇಕು. ಬಿಸಿಲಿಗೆ ಹಾಕಿದರೆ ಸೀಳು ಬೀಳುತ್ತದೆ. ಡೊಂಕು ಇದ್ದರೆ ಒಲೆಯ ಬಿಸಿಗೆ ಹಿಡಿದು ಮೊಣಕಾಲಿಗೆ ಒತ್ತಿ ನೆಟ್ಟಗೆ ಮಾಡಬಹುದು. ಕೊನೆಗೆ ಅಗಸಿ ಎಣ್ಣೆ ಸವರಬೇಕು. ಅಗಸಿ ಎಣ್ಣೆ ಗಾಳಿಗೆ ಒಣಗಿ ತೆಳ್ಳನೆಯ ಪದರು ಆಗುತ್ತದೆ, ನೀರು ಬೇಗ ಒಳಗೆ ಹೋಗುವುದಿಲ್ಲ. ಶೇಂಗಾ ಎಣ್ಣೆ ಹಚ್ಚಿದರೆ ಹಾಗೆ ಒಣಗುವುದಿಲ್ಲ, ಜಿಡ್ಡು ಜಿಡ್ಡಾಗಿಯೇ ಇರುತ್ತದೆ, ಇರುವೆನೂ ಬರತಾವ.

ನಮ್ಮ ಮನೆಯ ಲೆಕ್ಕ ಇದು: ಬಿದಿರಿಗೆ 60 ರೂಪಾಯಿ, ತಂಗೂಸ ದಾರಕ್ಕೆ 30, ಗಾಳಗಳಿಗೆ 10. ಒಟ್ಟು 100 ರೂಪಾಯಿ. ನೀರಿನ ಮೇಲೆ ತೇಲುವ ಬೆಂಡಿಗೆ ಖರ್ಚೇ ಇಲ್ಲ, ಜೋಳದ ದಂಟು ಸುಲಿದರೆ ಒಳಗೆ ಬಿಳಿ ಬೆಂಡು ಸಿಗುತ್ತದೆ. ಸಣ್ಣವರಿದ್ದಾಗ ಅದರಲ್ಲಿ ಗಾಡಿ ಮಾಡುತ್ತಿದ್ದೆವಲ್ಲ, ಅದೇ ಬೆಂಡು. ಎರಡು ಸಾವಿರ ರೂಪಾಯಿಗೆ ಇಂಥ ಕೋಲು ಇಪ್ಪತ್ತು ಆಗುತ್ತವೆ. ಗಣಿತದಲ್ಲಿ ನನಗೆ ಅಷ್ಟು ಅಂಕ ಬರುವುದಿಲ್ಲ, ಆದರೆ ಈ ಲೆಕ್ಕ ಮಾತ್ರ ಸರಿ ಇದೆ.

ದೂರ ಒಗೆಯಬೇಕು ಅನ್ನುವವರಿಗೆ ಕೋಲೇ ಬೇಡ. ಖಾಲಿ ನೀರಿನ ಬಾಟಲಿಗೆ ದಾರ ಸುತ್ತಬೇಕು, ದಾರದ ಒಂದು ತುದಿ ಬಾಟಲಿಗೆ ಗಟ್ಟಿ ಕಟ್ಟಿರಬೇಕು. ಎಡಗೈಯಲ್ಲಿ ಬಾಟಲಿಯ ಬಾಯಿ ನೀರಿನ ಕಡೆ ಮಾಡಿ ಹಿಡಿದು, ಬಲಗೈಯಿಂದ ಗಾಳವನ್ನು ತಿರುವಿ ಒಗೆದರೆ ದಾರ ತಾನೇ ಬಿಚ್ಚಿಕೊಂಡು ಹೋಗುತ್ತದೆ. ಹಿಂದೆ ಯಾರೂ ನಿಂತಿರಬಾರದು. ಇದೇ ಬಡವರ ರೀಲು.

ಆದರೂ ರಾಡೇ ಬೇಕು ಎನ್ನುವವರು ಇಷ್ಟು ನೋಡಿ ಕೊಳ್ಳಲಿ. ಒಂದು, ಫೈಬರ್ ಗ್ಲಾಸಿನದು ತಗೋಬೇಕು. ಅದು ಭಾರ, ಆದರೆ ಪೆಟ್ಟು ತಡೆಯುತ್ತದೆ. ಕಾರ್ಬನ್ನಿನದು ಹಗುರ, ತುಟ್ಟಿ, ಕಲ್ಲಿಗೆ ಬಡಿದರೆ ಸೀಳುತ್ತದೆ. ಎರಡು, ಒಂದರೊಳಗೊಂದು ಸೇರಿಸುವ ರಾಡು ಚೀಲದಲ್ಲಿ ಹಿಡಿಯುತ್ತದೆ ನಿಜ, ಆದರೆ ಸಂದಿಯಲ್ಲಿ ಉಸುಕು ಹೋದರೆ ಸಿಕ್ಕಿಕೊಳ್ಳುತ್ತದೆ. ಎರಡೇ ತುಂಡಿನದು ಗಟ್ಟಿ. ಮೂರನೇದು ಬಾಳ ಚಲೋ ಉಪಾಯ. ದಾರ ಹಾಯುವ ಉಂಗುರದೊಳಗೆ ಹತ್ತಿಯ ಎಳೆ ಎಳೆದು ನೋಡಬೇಕು. ಹತ್ತಿ ಸಿಕ್ಕಿಕೊಂಡರೆ ಉಂಗುರದಲ್ಲಿ ಬಿರುಕು ಇದೆ, ಅದು ದಾರವನ್ನು ಕೊಯ್ಯುತ್ತದೆ. ಹತ್ತಿ ನಮ್ಮ ಹೊಲದಾಗ ಐತಿ, ಅದನ್ನೇನು ಕೊಳ್ಳಬೇಕಾಗಿಲ್ಲ. ಫೋಟೋ ನೋಡಿ ತರಿಸಿದರೆ ಈ ಪರೀಕ್ಷೆ ಮಾಡಲು ಆಗುವುದಿಲ್ಲ, ನೆನಪಿಡಿರಿ.

ಈಗ ಹುಸಿ ಮೀನು. ಇದನ್ನು ಕೊಳ್ಳಲೇಬಾರದು ಎಂದು ನನ್ನ ಅಭಿಪ್ರಾಯ, ಯಾಕಂದ್ರ ಮಾಡುವುದೇ ಮಜಾ. ಫಿನ್ಲೆಂಡ್ ದೇಶದ ಲೌರಿ ರಾಪಾಲಾ ಎಂಬ ಬಡ ಮೀನುಗಾರ ದೋಣಿಯಲ್ಲಿ ಕುಳಿತು ನೀರನ್ನು ನೋಡುತ್ತಿದ್ದನು. ದೊಡ್ಡ ಮೀನುಗಳು ಸರಿಯಾಗಿ ಈಜುವ ಸಣ್ಣ ಮೀನುಗಳನ್ನು ಬಿಟ್ಟು, ಗಾಯಗೊಂಡು ಒಲೆದಾಡುವ ಮೀನನ್ನೇ ಹಿಡಿಯುತ್ತವೆ ಎಂದು ಅವನಿಗೆ ತಿಳಿಯಿತು. 1936ರಲ್ಲಿ ಅವನು ಬೆಂಡನ್ನು ಚಮ್ಮಾರರ ಚಾಕುವಿನಿಂದ ಕೆತ್ತಿ, ಚಾಕಲೇಟಿನ ಬೆಳ್ಳಿ ಹಾಳೆ ಸುತ್ತಿ, ಫೋಟೋದ ಹಳೇ ನೆಗೆಟಿವ್ ಕರಗಿಸಿ ಮೇಲೆ ಬಳಿದು ಹುಸಿ ಮೀನು ಮಾಡಿದನು. ಈಗ ಅದು ಜಗತ್ತಿಗೆಲ್ಲ ಹೋಗುವ ದೊಡ್ಡ ಕಂಪನಿ. ಶುರು ಆದದ್ದು ಮಾತ್ರ ಕಸದ ಸಾಮಾನಿನಿಂದ.

ನಮ್ಮ ಕಡೆ ಕೊರವಕ್ಕೆ ಚಪ್ಪಲಿಯ ಕಪ್ಪೆ ಬಾಳ ಚಲೋ. ಹರಿದ ಹವಾಯಿ ಚಪ್ಪಲಿಯ ಅಟ್ಟೆ ನೀರಿನಲ್ಲಿ ತೇಲುತ್ತದೆ, ಯಾಕೆಂದರೆ ಅದರೊಳಗೆ ಗಾಳಿಯ ಸಣ್ಣ ಸಣ್ಣ ಗುಳ್ಳೆಗಳಿವೆ. ಅದನ್ನು ಎರಡು ಬೆರಳು ಉದ್ದ ಕತ್ತರಿಸಿ ಮುಂದೆ ಚೂಪು, ಹಿಂದೆ ಅಗಲ ಮಾಡಬೇಕು. ಕೆಳಗಡೆ ನಡುವೆ ಸೀಳಿ ಗಾಳದ ಕಡ್ಡಿ ಅದರಲ್ಲಿ ಕೂಡಿಸಿ ದಾರದಿಂದ ಸುತ್ತಿ ಕಟ್ಟಬೇಕು. ಗಾಳದ ಮೊನೆ ಮೇಲ್ಮುಖವಾಗಿ, ಬೆನ್ನಿಗೆ ಅಂಟಿಕೊಂಡಂತೆ ಇರಬೇಕು. ಇಲ್ಲದಿದ್ದರೆ ಹುಲ್ಲಿಗೇ ಸಿಕ್ಕುತ್ತದೆ. ಸೈಕಲ್ಲಿನ ಹಳೇ ಟ್ಯೂಬ್ ತೆಳ್ಳಗೆ ಕತ್ತರಿಸಿ ಹಿಂದೆ ಎರಡು ಕಾಲು ಕಟ್ಟಬೇಕು. ಎಳೆದಾಗ ಆ ಕಾಲು ನಡುಗುತ್ತವೆ. ಕಣ್ಣು ಬರೆಯುವುದು ನಮ್ಮ ಖುಷಿಗೆ, ಮೀನು ಅದನ್ನು ಕೇಳುವುದಿಲ್ಲ. ಹುಲ್ಲಿನ ಅಂಚಿಗೆ ಒಗೆದು, ಸ್ವಲ್ಪ ಎಳೆದು, ನಿಲ್ಲಿಸಿ, ಮತ್ತೆ ಎಳೆಯಬೇಕು. ಕೊರವ ಹಾರಿದ ಕೂಡಲೇ ಗಾಬರಿಯಾಗಿ ಜಗ್ಗಬಾರದು. "ಒಂದು, ಎರಡು" ಅಂತ ಎಣಿಸಿ ಜಗ್ಗಬೇಕು, ಅಷ್ಟರಲ್ಲಿ ಅದು ಬಾಯಿ ಮುಚ್ಚಿರುತ್ತದೆ. ಇದಾದರೆ ಜೀವಂತ ಕಪ್ಪೆಯನ್ನು ಗಾಳಕ್ಕೆ ಚುಚ್ಚುವ ಪಾಪವೂ ಇಲ್ಲ. ಕಪ್ಪೆ ಹೊಲದ ಹುಳ ತಿನ್ನುವ ಪ್ರಾಣಿ, ರೈತನ ಮಿತ್ರ.

ಇನ್ನೊಂದು ಚಮಚೆಯದು. ಅಮೆರಿಕದ ಜೂಲಿಯೋ ಬ್ಯೂಯೆಲ್ ಎಂಬುವನು ಚಮಚೆಯ ಹುಸಿ ಮೀನಿಗೆ 1852ರಲ್ಲಿ ಪೇಟೆಂಟ್ ಪಡೆದನು. ಹಳೇ ಅಲ್ಯುಮಿನಿಯಂ ಚಮಚೆಯ ಹಿಡಿಕೆ ಕೊಯ್ದು, ಅಂಚು ಕಲ್ಲಿಗೆ ತಿಕ್ಕಿ, ಎರಡು ಕಡೆ ತೂತು ಹಾಕಿ, ಒಂದಕ್ಕೆ ದಾರ ಒಂದಕ್ಕೆ ಗಾಳ. ಕುಳಿ ಇರುವುದರಿಂದ ನೀರು ಒಮ್ಮೆ ಆ ಕಡೆ ಒಮ್ಮೆ ಈ ಕಡೆ ತಳ್ಳಿ ಅದು ಓಲಾಡುತ್ತದೆ, ಮೀನಿನ ಹುರುಪೆಯ ಹಾಗೆ ಹೊಳೆಯುತ್ತದೆ. ಅವ್ವನನ್ನು ಕೇಳಿ ತಗೋಬೇಕು, ಹೊಸ ಚಮಚೆ ಕೊಯ್ದರೆ ಮನಿಯಾಗ ಊಟ ಇಲ್ಲ.

ರೋಹು, ಗೆಂಡೆಗೆ ಜೋಳದ ಹಿಟ್ಟು, ಶೇಂಗಾ ಹಿಂಡಿ, ಸ್ವಲ್ಪ ಬೆಲ್ಲ ಕಲಸಿ ಉಂಡೆ ಮಾಡಬೇಕು. ಕಲಸುವಾಗ ಒಂದು ಚಿಟಿಕೆ ಹತ್ತಿ ಸೇರಿಸಿದರೆ ನೀರಿನಲ್ಲಿ ಬೇಗ ಬಿಚ್ಚುವುದಿಲ್ಲ. ಭಾರಕ್ಕೆ ಸೀಸ ಬೇಡ, ಸೀಸ ವಿಷ. ಕೆಲವರು ಅದನ್ನು ಹಲ್ಲಿನಿಂದ ಕಚ್ಚಿ ದಾರಕ್ಕೆ ಒತ್ತುತ್ತಾರೆ, ಅದಂತೂ ಮಾಡಲೇಬಾರದು. ಸೈಕಲ್ಲಿನ ನಟ್ಟು ಕಟ್ಟಿದರೆ ಆಯಿತು. ತಂಗೂಸದ ಗಂಟು ಬಿಗಿಯುವ ಮೊದಲು ಉಗುಳಿನಿಂದ ತೋಯಿಸಬೇಕು, ಒಣಗಿದ್ದಾಗ ಬಿಗಿದರೆ ತಿಕ್ಕಾಟದ ಬಿಸಿಗೆ ದಾರ ಅಲ್ಲೇ ಸೋಲುತ್ತದೆ. ಹರಿದ ದಾರವನ್ನು ದಂಡೆಯಲ್ಲಿ ಬಿಡಬಾರದು. ಅದು ಕೊಳೆಯುವುದಿಲ್ಲ, ಬೆಳ್ಳಕ್ಕಿಗಳ ಕಾಲಿಗೆ ಸುತ್ತಿಕೊಳ್ಳುತ್ತದೆ.

ಈಗ ಜೀವದ ಮಾತು. ಇದು ನಮ್ಮ ಅವ್ವನೂ ಹೇಳಿ ಬರೆಸಿದ್ದು.

ಹೊಳೆ ದಂಡೆಯಲ್ಲಿ ಪಂಪಸೆಟ್ಟಿನ ವೈರು ಜೋತು ಬಿದ್ದಿರುತ್ತವೆ. ಕಾರ್ಬನ್ ರಾಡಿನಲ್ಲಿ ಕರೆಂಟು ಹರಿಯುತ್ತದೆ, ತೊಯ್ದ ಬಿದಿರಿನಲ್ಲೂ ಹರಿಯುತ್ತದೆ. ಕೋಲು ಎತ್ತುವ ಮೊದಲು ತಲೆ ಎತ್ತಿ ಮೇಲೆ ನೋಡಬೇಕು. ಎರಡನೇದು ನವಿಲುತೀರ್ಥ ಡ್ಯಾಮು. ಅಲ್ಲಿ ನೀರು ಬಿಟ್ಟರೆ ನಮ್ಮ ಕಡೆ ಮಳೆ ಇಲ್ಲದಿದ್ದರೂ ಹೊಳೆ ಏರುತ್ತದೆ. 2019ರ ಆಗಸ್ಟದಲ್ಲಿ ಮಲಪ್ರಭೆಯ ಮಹಾಪೂರ ರಾಮದುರ್ಗ ತಾಲೂಕಿನ ಊರುಗಳಿಗೆ ನುಗ್ಗಿದ್ದನ್ನು ದೊಡ್ಡವರು ಇನ್ನೂ ಮರೆತಿಲ್ಲ. ನಡುಗಡ್ಡೆಯ ಕಲ್ಲಿನ ಮೇಲೆ ಹೋಗಿ ಕುಳಿತುಕೊಳ್ಳಬಾರದು. ಉಸುಕು ತೆಗೆದ ಕಡೆ ತಗ್ಗು ಇರುತ್ತವೆ, ಮೇಲೆ ನೋಡಿದರೆ ತಿಳಿಯುವುದಿಲ್ಲ. ಎಲ್ಲಕ್ಕಿಂತ ಕೆಟ್ಟದ್ದು ಕೃಷಿ ಹೊಂಡ. ಅದಕ್ಕೆ ಹಾಸಿದ ಪ್ಲಾಸ್ಟಿಕ್ ಹಾಳೆಗೆ ಪಾಚಿ ಕಟ್ಟಿ ಜಾರುತ್ತದೆ, ಈಜು ಬಂದವರೂ ಹತ್ತಿ ಬರಲಾರರು. ಅಲ್ಲಿ ಗಾಳ ಹಾಕಲೇಬಾರದು. ಗಾಳ ಬೆರಳಿಗೆ ನೆಟ್ಟರೆ ಹಿಂದಕ್ಕೆ ಜಗ್ಗಬೇಡಿರಿ, ಮೊನೆಯಲ್ಲಿ ಹಿಮ್ಮುಖ ಮುಳ್ಳು ಇರುತ್ತದೆ. ದವಾಖಾನೆಗೆ ಹೋಗಿ ತೆಗೆಸಿ ಧನುರ್ವಾತದ ಇಂಜಕ್ಷನ್ ಮಾಡಿಸಿಕೊಳ್ಳಬೇಕು.

ಸಿಡಿಮದ್ದು ಹಾಕಿ, ವಿಷ ಹಾಕಿ ಮೀನು ಹಿಡಿಯುವುದು 1897ರಿಂದಲೇ ಕಾನೂನು ಪ್ರಕಾರ ಅಪರಾಧ. ಮದ್ದು ಹಾಕಿದರೆ ಮರಿ, ತತ್ತಿ ಎಲ್ಲಾ ಸಾಯುತ್ತವೆ. ಗಾಳದವನು ಒಂದು ಮೀನು ಒಯ್ಯುತ್ತಾನೆ. ಮಳೆಗಾಲದಲ್ಲಿ ನೀರಿನ ಮೇಲೆ ಕೆಂಪು ಕೆಂಪು ಮರಿಗಳ ಗುಂಪು ಕಂಡರೆ ಅದು ಕೊರವದ ಸಂಸಾರ, ಕೆಳಗೆ ತಾಯಿ ತಂದೆ ಕಾವಲು ಇರುತ್ತವೆ. ಅಲ್ಲಿ ಕಪ್ಪೆ ಒಗೆದರೆ ಮರಿ ಕಾಯಲು ಅವು ಹಾರಿ ಬಂದು ಕಚ್ಚುತ್ತವೆ, ಸುಲಭವಾಗಿ ಸಿಗುತ್ತವೆ. ಆದರೆ ದೊಡ್ಡವನ್ನು ಹಿಡಿದರೆ ಅಷ್ಟೂ ಮರಿಗಳನ್ನು ಬೇರೆ ಮೀನು ತಿಂದು ಹಾಕುತ್ತವೆ. ಆಗ ನಮ್ಮ ಮುತ್ಯಾ ಕೋಲು ಮಡಚಿ ಬೇರೆ ಮಡುವಿಗೆ ಹೋಗುತ್ತಾನೆ.

ಚಪ್ಪಲಿ ಕಪ್ಪೆಯ ಒಂದು ನಮೂನೆಯನ್ನು ಈ ಹಾಳೆಯ ಕೆಳಗೆ ಮೊಳೆಗೆ ಕಟ್ಟಿದ್ದೇನೆ. ಗಾಳ ತೆಗೆದಿದ್ದೇನೆ, ಸಣ್ಣ ವರ್ಗದವರೂ ಮುಟ್ಟಿ ನೋಡಬಹುದು. ಒಯ್ಯಬಾರದು. ಇನ್ನೊಂದು ಚಪ್ಪಲಿ ನನ್ನ ಹತ್ತಿರ ಉಳಿದಿದೆ, ಮಾಡಲು ಕಲಿಯಬೇಕೆನ್ನುವ ಆ ನಾಲ್ಕು ಮಂದಿ ಶನಿವಾರ ಶಾಲೆ ಬಿಟ್ಟ ಮೇಲೆ ನಮ್ಮ ಮನಿಗೆ ಬರ್ರಿ, ಮುತ್ಯಾ ಇರತಾನ.